ಕಕ್ಷಿದಾರ ಸುಳ್ಳು ಹೇಳಿದರೆ

ತಂಗಿಯ ಮಗಳು ಬೇಸಿಗೆ ರಜೆಯಲ್ಲಿ ಜಿನೀವಾಕ್ಕೆ ಹೋಗಿ, ನಾಲ್ಕು ವಾರ ನಿರಾಶ್ರಿತರ ಕಾನೂನು ಮತ್ತು ವಕೀಲಿ ವೃತ್ತಿಧರ್ಮ ಓದಿ ಬಂದಳು. ಚಾಕಲೇಟ್ ತರುತ್ತಾಳೆಂದು ಕಾದಿದ್ದೆ. ತಂದದ್ದು ಒಂದು ಪ್ರಶ್ನೆ. “ಮಾಮ, ಆಶ್ರಯ ಕೇಳಿ ಬಂದವನು ವಿಚಾರಣೆಯಲ್ಲಿ ಹೇಳಿದ್ದು ಸುಳ್ಳು ಅಂತ ಅವನ ವಕೀಲನಿಗೆ ಆಮೇಲೆ ಗೊತ್ತಾದರೆ?”

ಮೂವತ್ತು ವರ್ಷ ಕರಿಕೋಟು ತೊಟ್ಟವನಿಗೆ ಇದು ಹೊಸದಲ್ಲ. ಪಾಲಿನ ದಾವೆಯಲ್ಲಿ ಪೂರಾ ನಿಜ ಹೇಳಿದ ಕಕ್ಷಿದಾರ ನನಗೆ ಸಿಕ್ಕಿದ್ದೇ ಅಪರೂಪ. ಆದರೆ ಅಲ್ಲಿ ಸೋತರೆ ಹೋಗುವುದು ಎರಡು ಗುಂಟೆ ಜಮೀನು. ಇಲ್ಲಿ ತಲೆಯೇ ಹೋಗಬಹುದು.

ಅಮೆರಿಕದ ವಕೀಲರ ಸಂಘದ ಮಾದರಿ ನಿಯಮದ ಪ್ರಕಾರ, ಮೊದಲು ಕಕ್ಷಿದಾರನಿಗೆ ತಿದ್ದಿಕೊಳ್ಳಲು ಹೇಳಬೇಕು. ಒಪ್ಪದಿದ್ದರೆ, ಬೇರೆ ದಾರಿಯಿಲ್ಲದಾಗ, ಗುಟ್ಟಿನ ಮಾತಾದರೂ ಕೋರ್ಟಿಗೆ ತಿಳಿಸಬೇಕು. ಇಂಗ್ಲೆಂಡಿನ ಬ್ಯಾರಿಸ್ಟರು ಹಾಗೆ ಬಾಯಿ ಬಿಡುವಂತಿಲ್ಲ, ಪ್ರಕರಣದಿಂದ ಹಿಂದೆ ಸರಿಯಬೇಕು. ನನ್ನ ಮನಸ್ಸು ಇಂಗ್ಲೆಂಡಿನ ಕಡೆಗೆ. “ವಕೀಲ ನಡುವೆ ಎದ್ದು ಹೋದರೆ ನ್ಯಾಯಾಧೀಶರಿಗೆ ಅರ್ಥವಾಗಲ್ವಾ?” ಎಂದಳು. ಅದೂ ನಿಜವೇ.

ಸುಳ್ಳುಗಳೆಲ್ಲ ಒಂದೇ ಜಾತಿಯವೂ ಅಲ್ಲ. ಕೆಲವು ಗಡಿ ದಾಟಲೆಂದೇ ಹೇಳಿದವು. ಜೀವ ಉಳಿಸಿಕೊಳ್ಳಲು ನೇರವಾಗಿ ಓಡಿಬಂದವನು ತಡಮಾಡದೆ ಅಧಿಕಾರಿಗಳೆದುರು ಹಾಜರಾಗಿ ಸಕಾರಣ ಕೊಟ್ಟರೆ, ಕಳ್ಳದಾರಿಯಲ್ಲಿ ಗಡಿ ದಾಟಿದ್ದಕ್ಕೆ ಶಿಕ್ಷಿಸಬಾರದು ಎನ್ನುತ್ತದೆ 1951ರ ನಿರಾಶ್ರಿತರ ಒಡಂಬಡಿಕೆಯ 31ನೇ ವಿಧಿ. ಏಟು ತಿಂದವನಿಗೆ ತಾರೀಖು ನೆನಪಿರುವುದಿಲ್ಲ. ಕೆಲವೊಮ್ಮೆ ತಪ್ಪಿರುವುದು ಅವನೂ ಅಲ್ಲ, ದುಭಾಷಿ. ಈ ದುಭಾಷಿಯ ವಿಷಯದಲ್ಲಿ ನಮ್ಮ ಹಳೆಯ ಸಾಕ್ಷ್ಯ ಕಾಯ್ದೆ ಜಾಣತನ ತೋರಿತ್ತು. ವಕೀಲ ಕಾಯಬೇಕಾದ ಗುಟ್ಟನ್ನು ಅವನ ಗುಮಾಸ್ತ, ದುಭಾಷಿಯೂ ಕಾಯಬೇಕೆಂದು 1872ರಲ್ಲೇ ಅದರ 127ನೇ ಸೆಕ್ಷನ್ನಿನಲ್ಲಿ ಬರೆದಿತ್ತು. ಇದನ್ನು ಕೇಳಿ ಹುಡುಗಿಗೆ ಆಶ್ಚರ್ಯ. ಜಿನೀವಾದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲವಂತೆ!

ಅವಳು ಓದಿ ಬಂದ ಒಡಂಬಡಿಕೆಗೆ ಭಾರತ ಸಹಿಯನ್ನೇ ಹಾಕಿಲ್ಲ, 1967ರ ಪ್ರೋಟೋಕಾಲಿಗೂ ಇಲ್ಲ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರಲ್ಲಿ ಹೊಸದು ಬಂತು. ನಿರಾಶ್ರಿತರಿಗೆಂದೇ ಒಂದು ಕಾನೂನು ಮಾತ್ರ ಬರಲಿಲ್ಲ. ವಕೀಲನ ಕೈಯಲ್ಲಿರುವುದು ಸಂವಿಧಾನದ 21ನೇ ವಿಧಿ. ಅದು ಪ್ರಜೆಯಲ್ಲದವನ ಜೀವಕ್ಕೂ ಕಾವಲು ಎಂದು 1996ರ ಚಕ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉಳಿದದ್ದೆಲ್ಲ ಕಕ್ಷಿದಾರನ ಕಥೆಯ ಮೇಲೆ, ಆ ಕಥೆಯನ್ನು ವಕೀಲ ಎಷ್ಟು ಪ್ರಾಮಾಣಿಕವಾಗಿ ಮುಂದಿಡುತ್ತಾನೆ ಎಂಬುದರ ಮೇಲೆ ನಿಂತಿದೆ. ಕಾನೂನು ತೆಳ್ಳಗಿದ್ದಷ್ಟೂ ವೃತ್ತಿಧರ್ಮದ ಮೇಲೆ ಹೊರೆ ಹೆಚ್ಚು. ನಮ್ಮ ಲಾ ಕಾಲೇಜುಗಳಲ್ಲಿ ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮುಗಿಸುವ ಪೇಪರು ಮಾಡಿಟ್ಟಿದ್ದೇವೆ.

ಹೊರದೇಶದ ಓದು ದಂಡ ಎನ್ನುತ್ತಿಲ್ಲ. ನಾಲ್ಕು ದೇಶದ ಹುಡುಗರೊಂದಿಗೆ ಕೂತು ಜಗಳವಾಡಿದ್ದಕ್ಕೇ ಅವಳಿಗೆ ಈ ಪ್ರಶ್ನೆ ಹುಟ್ಟಿದ್ದು. ಆದರೆ ಮೈಸೂರಿನಿಂದ ಎರಡು ಗಂಟೆ ದೂರದ ಬೈಲುಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ನರಿದ್ದಾರೆ. ಇಲ್ಲೇ ಹುಟ್ಟಿದ ಎಷ್ಟೋ ಮಂದಿ ಇವತ್ತಿಗೂ ವಿದೇಶಿಯರ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಂಡು ಬದುಕುತ್ತಾರೆ. ಅವರು ಅದನ್ನು ಆರ್‌ಸಿ ಎನ್ನುತ್ತಾರೆ. ನಾವಿಬ್ಬರೂ ಅಲ್ಲಿನ ಗೋಲ್ಡನ್ ಟೆಂಪಲ್ ನೋಡಿ, ಮೊಮೊ ತಿಂದು ಬಂದವರೇ. ಯಾರದೂ ಆರ್‌ಸಿ ನೋಡಿದವರಲ್ಲ.

“ಅಲ್ಲಿ ಟಿಬೆಟನ್ ಭಾಷೆ ಬಲ್ಲ ವಕೀಲರು ಯಾರಾದರೂ ಇದ್ದಾರಾ, ಮಾಮ?”

ಪಿರಿಯಾಪಟ್ಟಣದ ಗೆಳೆಯನಿಗೆ ಫೋನ್ ಮಾಡಿದೆ. ವಿಚಾರಿಸಿ ಹೇಳುತ್ತೇನೆ ಎಂದಿದ್ದಾನೆ.