ಗಾಳಿ ಬಂದಿತು, ಜನ ಬರಲಿಲ್ಲ

ಈಜಿಪ್ಟಿನ ಲಕ್ಸರ್ ನಗರಕ್ಕೆ ಎದುರಾಗಿ, ನೈಲ್ ನದಿಯ ಪಶ್ಚಿಮ ದಂಡೆಯ ಬೋಳುಗುಡ್ಡಗಳ ಮೇಲೆ ಗೂರ್ನ ಎಂಬ ಹಳ್ಳಿಯಿದ್ದಿತು. ಮನೆಗಳ ಅಡಿಯಲ್ಲಿ ಪುರಾತನ ಪ್ರಭುಗಳ ಸಮಾಧಿಗಳು. ಅವುಗಳಿಂದ ಅಗೆದು ತೆಗೆದ ವಸ್ತುಗಳ ಮಾರಾಟವೇ ಅನೇಕರ ಹೊಟ್ಟೆಪಾಡು. ಹಳ್ಳಿಯನ್ನೇ ಬಯಲಿಗಿಳಿಸಿದ ಹೊರತು ಈ ಕಳವು ನಿಲ್ಲದೆಂದು ಸರ್ಕಾರವು ಬಗೆಯಿತು. ಸುಮಾರು 7,000 ಜನರಿಗೆ ಹೊಸ ಊರು ಕಟ್ಟುವ ಹೊಣೆ 1940ರ ದಶಕದ ನಡುವಿನಲ್ಲಿ ವಾಸ್ತುಶಿಲ್ಪಿ ಹಸನ್ ಫತೀಯವರ ಪಾಲಿಗೆ ಬಂದಿತು.

ಬಡವನ ಮನೆಗೆ ಸಿಮೆಂಟು, ಉಕ್ಕುಗಳ ಹಂಗೇಕೆ ಎಂಬುದು ಫತೀಯವರ ಪ್ರಶ್ನೆ. ಕಾಲಡಿಯ ಮಣ್ಣಿಗೂ ತಲೆಯ ಮೇಲಣ ಗಾಳಿಗೂ ಬೆಲೆ ತೆರಬೇಕಾಗಿಲ್ಲವಷ್ಟೆ! ನೂಬಿಯಾದ ಮೇಸ್ತ್ರಿಗಳನ್ನು ಕರೆಸಿ, ಬಿಸಿಲಿನಲ್ಲಿ ಒಣಗಿಸಿದ ಇಟ್ಟಿಗೆಗಳಿಂದ, ಮರದ ಆಸರೆಯೇ ಇಲ್ಲದೆ ಕಮಾನಿನ ಚಾವಣಿಗಳನ್ನು ಕಟ್ಟಿಸಿದರು.

ಅವರ ಜಾಣ್ಮೆ ಎದ್ದು ಕಂಡುದು ಊರಿನ ಶಾಲೆಯಲ್ಲಿ. ಕೈರೋ ನಗರದ ಹಳೆಯ ಮಹಲುಗಳಲ್ಲಿ ‘ಮಲ್ಕಫ್’ ಎಂಬ ಗಾಳಿಗೂಡು ಇರುತ್ತಿತ್ತು. ಅದು ಚಾವಣಿಯನ್ನು ಮೀರಿ ಮೇಲಕ್ಕೆ ಚಾಚಿರುವುದು, ಬಾಯಿ ಉತ್ತರಕ್ಕೆ. ಆ ನಾಡಿನಲ್ಲಿ ತಂಗಾಳಿ ಬೀಸುವುದು ಆ ದಿಕ್ಕಿನಿಂದಲೇ. ಬೀದಿಯ ಮಟ್ಟದ ಗಾಳಿಗಿಂತ ಮೇಲಿನದಕ್ಕೆ ವೇಗ ಹೆಚ್ಚು, ಧೂಳು ಕಡಿಮೆ. ಫತೀಯವರು ಈ ಗೂಡಿನೊಳಗೆ ಒದ್ದೆ ಇದ್ದಿಲನ್ನು ಇರಿಸಿದರು. ಅದನ್ನು ಹಾಯ್ದು ಬರುವ ಗಾಳಿ ತಂಪಾಗಿ, ಭಾರವಾಗಿ ಮಕ್ಕಳಿರುವೆಡೆಗೆ ಇಳಿಯುವುದು. ಕೊಠಡಿಯಲ್ಲಿ ಕಾದ ಗಾಳಿ ಮೇಲಿನ ಕಿಂಡಿಗಳಿಂದ ಹೊರಬೀಳುವುದು. ನಮ್ಮ ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಗುಟ್ಟೇ ಇಲ್ಲಿಯೂ. ತರಗತಿಯ ಉಷ್ಣತೆ 10 ಡಿಗ್ರಿಯಷ್ಟು ಇಳಿಯಿತೆಂದು ಫತೀಯವರು ಬರೆದಿದ್ದಾರೆ.

ಆದರೆ ಇಷ್ಟೆಲ್ಲ ಯಾರಿಗಾಗಿ ನಡೆಯಿತೋ ಅವರೇ ಬರಲೊಲ್ಲರು. ಅನ್ನದ ಬಟ್ಟಲನ್ನು ಗುಡ್ಡದ ಮೇಲೆ ಬಿಟ್ಟು ತಂಗಾಳಿಗಾಗಿ ಕೆಳಗಿಳಿಯುವವರಾರು? ಗುಮ್ಮಟವೆಂದರೆ ಗೋರಿಗೆ ತಕ್ಕುದೆಂಬ ಅಳುಕೂ ಅವರಲ್ಲಿತ್ತೆನ್ನುತ್ತಾರೆ. ಊರು ಪೂರ್ಣವಾಗುವ ಮೊದಲೇ ಕೆಲಸ ನಿಂತಿತು.

ಫತೀಯವರು ಸೋಲನ್ನು ಮರೆಮಾಚಲಿಲ್ಲ. ಅದನ್ನು ಗ್ರಂಥವಾಗಿಯೇ ಬರೆದರು. ಮಣ್ಣಿನ ಗೋಡೆಯ ಗುಣಕ್ಕೆ ಸಾಕ್ಷಿ 1964ರಲ್ಲಿ ಕೈರೋದಲ್ಲಿ ದೊರೆಯಿತು. ಅಲ್ಲಿ ನಡೆದ ಪರೀಕ್ಷೆಯಲ್ಲಿ ಮಣ್ಣಿನ ಕೊಠಡಿಯ ಉಷ್ಣತೆ ಇಡೀ ದಿನ 21ರಿಂದ 23 ಡಿಗ್ರಿಗಳೊಳಗೇ ನಿಂತಿತು. ಕಾಂಕ್ರೀಟಿನ ಕೊಠಡಿಯಲ್ಲಿ 36ಕ್ಕೇರಿತು, ಹೊರಗಿನ ಬಿಸಿಲಿಗಿಂತಲೂ ಹೆಚ್ಚು. 1989ರಲ್ಲಿ ಫತೀಯವರು ತೀರಿಕೊಂಡರು. ಹೊಸ ಗೂರ್ನದಲ್ಲಿ ಅವರು ಕಟ್ಟಿದ ಮಸೀದಿ ಇನ್ನೂ ನಿಂತಿದೆ. ಹಲವು ಮಣ್ಣಿನ ಮನೆಗಳಿದ್ದ ಜಾಗದಲ್ಲಿ ಕಾಂಕ್ರೀಟು ಮಹಡಿಗಳೆದ್ದಿವೆ.