ನಿತ್ಯದ ಕ್ಯಾಮೆರಾಗೆ ಯಾವ ಜೂಮ್?

ಪದವಿ ತರಗತಿಯ ಹುಡುಗ ಕ್ಯಾಮೆರಾ ಕೊಂಡು ಇನ್ನೂ ವರ್ಷ ತುಂಬಿಲ್ಲ. ಜೊತೆಗೆ ಬಂದ 18-55 ಮಿ.ಮೀ. ಮಸೂರ ಸಾಲದು, 24-70 ಕೊಡಿಸಿ ಎಂದು ಅಪ್ಪನ ಬೆನ್ನು ಬಿದ್ದಿದ್ದಾನೆ. ಮದುವೆ ಫೋಟೊ ತೆಗೆಯುವವರ ಕೈಯಲ್ಲಿ ಅದನ್ನು ನೋಡಿದ್ದಾನೆ. ಬೆಲೆ ಕೇಳಿದ ಅಪ್ಪ ಮುಂದಿನ ವರ್ಷದ ಕಾಲೇಜು ಶುಲ್ಕದ ಲೆಕ್ಕ ಹಾಕುತ್ತಾರೆ. ಅನೇಕ ಮನೆಗಳಲ್ಲಿ ನಡೆಯುವ ಈ ವಾದಕ್ಕೆ ಹತ್ತನೇ ತರಗತಿಯ ಗಣಿತ, ವಿಜ್ಞಾನಗಳೇ ಉತ್ತರ ಕೊಡಬಲ್ಲವು.

ಮಸೂರದ ಮೇಲಿನ 18, 55 ಎಂಬ ಅಂಕಿಗಳು ಅದರ ಸಂಗಮ ದೂರ. ಈ ದೂರವನ್ನು ಬದಲಾಯಿಸಬಲ್ಲ ಮಸೂರವೇ ಜೂಮ್. 35 ಮಿ.ಮೀ. ಫಿಲ್ಮಿನ ಸ್ಥಿರಚಿತ್ರ ಕ್ಯಾಮೆರಾಗಳಿಗೆ ಮೊದಲ ಜೂಮ್ ಬಂದದ್ದು 1959ರಲ್ಲಿ. ಅದರ ವ್ಯಾಪ್ತಿ 36ರಿಂದ 82 ಮಿ.ಮೀ.

ಆ ಫಿಲ್ಮಿನ ಚೌಕಟ್ಟು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. 24-70 ಮಸೂರವನ್ನು ರೂಪಿಸಿರುವುದು ಇಷ್ಟೇ ದೊಡ್ಡ ಸಂವೇದಕವಿರುವ ದುಬಾರಿ ಕ್ಯಾಮೆರಾಗಳಿಗಾಗಿ. 18-55 ಜೊತೆಗೆ ಬರುವ ಕ್ಯಾಮೆರಾಗಳ ಸಂವೇದಕ ಚಿಕ್ಕದು, ಅಗಲ ಸುಮಾರು 23.5 ಮಿ.ಮೀ.

ಈಗ ಸಮರೂಪ ತ್ರಿಭುಜಗಳನ್ನು ನೆನಪಿಸಿಕೊಳ್ಳಿ. ದೂರವನ್ನು ಸಂವೇದಕದ ಅಗಲದಿಂದ ಗುಣಿಸಿ ಸಂಗಮ ದೂರದಿಂದ ಭಾಗಿಸಿದರೆ, ಚಿತ್ರದಲ್ಲಿ ಹಿಡಿಸುವ ದೃಶ್ಯದ ಅಗಲ ಸಿಗುತ್ತದೆ. ಚಿಕ್ಕ ಸಂವೇದಕದ ಕ್ಯಾಮೆರಾ ಹಿಡಿದು 3 ಮೀಟರ್ ದೂರದಲ್ಲಿ ನಿಂತರೆ 18 ಮಿ.ಮೀ.ನಲ್ಲಿ ಸುಮಾರು 3.9 ಮೀಟರ್ ಅಗಲ ಹಿಡಿಸುತ್ತದೆ. 24 ಮಿ.ಮೀ.ನಲ್ಲಿ ಸಿಗುವುದು 2.9 ಮೀಟರ್ ಮಾತ್ರ. ನಡುಮನೆಯಲ್ಲಿ ಹಬ್ಬದ ದಿನ ಸಾಲಾಗಿ ನಿಂತ ಎಂಟು ಜನರಲ್ಲಿ ಇಬ್ಬರು ಹೊರಗುಳಿಯುತ್ತಾರೆ. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಗೋಡೆ! ಹೆಚ್ಚು ಹಣ ಕೊಟ್ಟು ತಂದ ಮಸೂರ ಮನೆಯೊಳಗೇ ಸೋಲುವುದು ಹೀಗೆ.

ಹಾಗಾದರೆ 24-70ಕ್ಕೆ ಅಷ್ಟೊಂದು ಬೆಲೆ ಏಕೆ? ಮುಖ್ಯ ಕಾರಣ ಬೆಳಕು. ಅದರ ಮೇಲೆ ಸಾಮಾನ್ಯವಾಗಿ ಎಫ್ 2.8 ಎಂದಿರುತ್ತದೆ. ಸಂಗಮ ದೂರವನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ ಇದು. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಮಾಮೂಲಿ 18-55 ಮಸೂರ 55ಕ್ಕೆ ತಿರುಗಿದಾಗ ಎಫ್ 5.6ಕ್ಕೆ ಇಳಿಯುತ್ತದೆ. 5.6ಕ್ಕಿಂತ 2.8ರಲ್ಲಿ ವ್ಯಾಸ ಎರಡು ಪಟ್ಟು, ಒಳಬರುವ ಬೆಳಕು ನಾಲ್ಕು ಪಟ್ಟು. ರಾತ್ರಿಯ ಯಕ್ಷಗಾನದಲ್ಲಿ ಒಂದಕ್ಕೆ ಸೆಕೆಂಡಿನ 15ನೇ ಒಂದು ಭಾಗ ಬೇಕಾದರೆ ಇನ್ನೊಂದಕ್ಕೆ 60ನೇ ಒಂದು ಭಾಗ ಸಾಕು. ಕುಣಿಯುವ ವೇಷದ ಮಸುಕು ಅಷ್ಟು ಕಡಿಮೆಯಾಗುತ್ತದೆ. ಮಸೂರದಲ್ಲಿರುವ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲಿ ನೆರವಾಗದು. ಅದು ಫೋಟೊ ತೆಗೆಯುವವನ ಕೈಯನ್ನಷ್ಟೇ ಸರಿಪಡಿಸುತ್ತದೆ, ಕುಣಿಯುವವನನ್ನು ನಿಲ್ಲಿಸುವುದಿಲ್ಲ.

ನಿರ್ಧಾರಕ್ಕೆ ಖರ್ಚಿಲ್ಲದ ಪ್ರಯೋಗವೊಂದಿದೆ. ಪ್ರತಿ ಚಿತ್ರದ ಜೊತೆಗೂ ಕ್ಯಾಮೆರಾ ಸಂಗಮ ದೂರ, ಎಫ್ ಸಂಖ್ಯೆ ಮತ್ತು ಷಟರ್ ವೇಗವನ್ನು ದಾಖಲಿಸಿರುತ್ತದೆ. ಕೊನೆಯ ನೂರು ಚಿತ್ರಗಳನ್ನು ತೆರೆದು, ತಂದೆ ಮಗ ಕೂತು ಒಂದು ಹಾಳೆಯಲ್ಲಿ ಪಟ್ಟಿ ಮಾಡಲಿ. ಹೆಚ್ಚಿನವು 18ರ ಆಸುಪಾಸಿನಲ್ಲಿದ್ದರೆ 24ರಿಂದ ಶುರುವಾಗುವ ಮಸೂರ ಬೇಡ. ಹೆಚ್ಚಿನವು 55ಕ್ಕೆ ತಾಗಿ ನಿಂತು, ಹಗಲಿನಲ್ಲೇ ತೆಗೆದವಾಗಿದ್ದರೆ 18-140ರಂಥದ್ದು ಸಾಕು. ಕೆಟ್ಟ ಚಿತ್ರಗಳಲ್ಲಿ ಬಹುಪಾಲು ಮಂದ ಬೆಳಕಿನವಾದರೆ ಚಿಕ್ಕ ಸಂವೇದಕಕ್ಕೆಂದೇ ಮಾಡಿದ 17-50 ಅಥವಾ 18-50 ಎಫ್ 2.8 ಸರಿ. ಅದಕ್ಕೂ ಹಣ ಸಾಲದಿದ್ದರೆ ಜೂಮ್ ಇಲ್ಲದ 50 ಮಿ.ಮೀ. ಎಫ್ 1.8 ಇದೆ. ಎಫ್ 5.6ಕ್ಕೆ ಹೋಲಿಸಿದರೆ ಅದು ಹತ್ತಿರ ಹತ್ತು ಪಟ್ಟು ಬೆಳಕು ಕೊಡುತ್ತದೆ. ಯಾವುದನ್ನೇ ಕೊಳ್ಳುವ ಮೊದಲು ಅದು ನಿಮ್ಮ ಕ್ಯಾಮೆರಾಗೆ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡಿ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗಾಲದ ತೇವಕ್ಕೆ ಮಸೂರದ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ. ಬೆಲೆ ಎಷ್ಟೇ ಇರಲಿ, ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಹಾಳು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಆಗಾಗ ಹೊರತೆಗೆದು ಬಳಸಿ.

ನೂರು ಚಿತ್ರಗಳ ಪಟ್ಟಿ ಮುಗಿದ ಮೇಲೂ ಮಗ ಹೊಸ ಮಸೂರ ಬೇಕೆಂದರೆ ಅವನ ಕೈಯಲ್ಲಿ ಕಾರಣವಿರುತ್ತದೆ. ಬೇಡವೆನ್ನಲು ಅಪ್ಪನೂ ಆಗ ಬೆಲೆಯಲ್ಲದೆ ಬೇರೆ ಕಾರಣ ಹುಡುಕಬೇಕಾಗುತ್ತದೆ.