ಸೊನ್ನೆಯನ್ನು ಕೊಂಡವನ ಬಿನ್ನಹ

ಲಂಡನ್ ನಗರದ ನಥಿಂಗ್ ಸಂಸ್ಥೆಯ ಸ್ಥಾಪಕರೂ ಮುಖ್ಯಾಧಿಕಾರಿಗಳೂ ಆದ ಶ್ರೀ ಕಾರ್ಲ್ ಪೇ ಅವರಿಗೆ, ಅದೇ ನಗರದ ಹ್ಯಾರೋದಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗನೊಬ್ಬನ ನಮಸ್ಕಾರಗಳು.

ತಮ್ಮ ಸಂಸ್ಥೆಗೆ ತಾವಿಟ್ಟ ಹೆಸರಿನಿಂದ ನಮ್ಮ ಮನೆಯಲ್ಲಿ ಉಂಟಾದ ಗೊಂದಲವನ್ನು ಮೊದಲು ನಿವೇದಿಸಿಕೊಳ್ಳುವೆನು. ಸೋಹೋ ಭಾಗದ ಪೀಟರ್ ಬೀದಿಯಲ್ಲಿ ೨೦೨೨ರ ಡಿಸೆಂಬರಿನಲ್ಲಿ ತಾವು ತೆರೆದ ಅಂಗಡಿಗೆ ಹೋಗಿ, ೩೧೯ ಪೌಂಡುಗಳನ್ನು ತೆತ್ತು, ಫೋನ್ ೨ಎ ಎಂಬುದನ್ನು ಕೊಂಡು, ಮೆಟ್ರೊಪಾಲಿಟನ್ ಮಾರ್ಗದ ರೈಲಿನಲ್ಲಿ ಮನೆಗೆ ಬಂದವನನ್ನು ನನ್ನ ಹೆಂಡತಿ ‘ಏನು ತಂದಿರಿ?’ ಎಂದು ಕೇಳಿದಳು. ‘ನಥಿಂಗ್’ ಎಂದೆನು. ಆಕೆ ನನ್ನ ಕೈಚೀಲವನ್ನೂ ನನ್ನ ಮುಖವನ್ನೂ ಒಂದಾದ ಮೇಲೊಂದರಂತೆ ನೋಡಿ, ಮುಂದೇನೂ ಕೇಳದೆ ಒಳಗೆ ಹೋದಳು. ಅಂದಿನ ರಾತ್ರಿ ತೀರ್ಥಹಳ್ಳಿಯಲ್ಲಿರುವ ನನ್ನ ತಾಯಿಗೆ ಮೊಮ್ಮಗನು ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಿದಾಗ, ಆಕೆ ಅತ್ತಲಿಂದ, ‘ಏನೂ ಇಲ್ಲದ್ದಕ್ಕೆ ಅಷ್ಟು ದುಡ್ಡು ಕೊಟ್ಟೆಯಾ ಮಾರಾಯ!’ ಎಂದು ಉದ್ಗರಿಸಿದಳು.

ಆದರೆ ಶೂನ್ಯವೆಂಬ ಪದಕ್ಕೆ ಬೆದರುವ ಜನ ನಾವಲ್ಲ. ಶೂನ್ಯವನ್ನೂ ಸಂಪಾದಿಸಬಹುದೆಂಬ ಅರ್ಥವುಳ್ಳ ‘ಶೂನ್ಯಸಂಪಾದನೆ’ ಎಂಬ ಹೆಸರಿನ ಗ್ರಂಥವು ಹದಿನೈದನೆಯ ಶತಮಾನದಲ್ಲಿಯೇ ನಮ್ಮ ಭಾಷೆಯಲ್ಲಿ ಸಂಕಲಿತವಾಯಿತು; ಅದರ ನಾಯಕನಾದ ಅಲ್ಲಮಪ್ರಭುವು ಏರಿದ ಪೀಠಕ್ಕೆ ಶೂನ್ಯಸಿಂಹಾಸನವೆಂದೇ ಹೆಸರು; ಆ ಸಿಂಹಾಸನವಿದ್ದ ಅನುಭವಮಂಟಪದ ಬಸವಣ್ಣನವರ ಪ್ರತಿಮೆಯು ೨೦೧೫ರ ನವೆಂಬರ್ ೧೪ರಂದು ಅನಾವರಣಗೊಂಡು, ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ, ತಮ್ಮ ಕಾರ್ಯಾಲಯವಿರುವ ನಗರದಲ್ಲಿಯೇ, ಮಳೆಯಲ್ಲಿ ನೆನೆಯುತ್ತ ನಿಂತಿರುವುದು. ಆದಕಾರಣ ತಮ್ಮ ಹೆಸರನ್ನು ನಾವು ಹಾಸ್ಯವೆಂದೆಣಿಸದೆ ಒಂದು ಪ್ರತಿಜ್ಞೆಯೆಂದೇ ಸ್ವೀಕರಿಸುವೆವು. ಅನಾವಶ್ಯಕವಾದುದನ್ನು ತೊರೆಯುವೆನೆಂದ ಕುಶಲಿಯು ಎಷ್ಟನ್ನು ತೊರೆದನು, ತೊರೆದ ಮೇಲೆ ಉಳಿದುದು ಯಾರಿಗಾಗಿ ಉಳಿಯಿತು ಎಂಬುದನ್ನು ವಿಚಾರಿಸುವುದೇ ಈ ಪತ್ರದ ಉದ್ದೇಶ.

ಆಕಾರವನ್ನು ಕುರಿತು ಮೊದಲು. ೨೦೨೪ರ ಮಾರ್ಚ್ ೫ರಂದು ಪ್ರಕಟವಾದ ಈ ಯಂತ್ರದ ಬೆನ್ನಿನಲ್ಲಿ ಎರಡು ಕ್ಯಾಮೆರಾಗಳು ಮೂಲೆಗೆ ಸೇರದೆ ನಡುಮಧ್ಯದಲ್ಲಿ ಪಕ್ಕಪಕ್ಕದಲ್ಲಿ ಕುಳಿತು, ಸುತ್ತಲೂ ಮೂರು ಬೆಳಕಿನ ಪಟ್ಟಿಗಳನ್ನು ಹುಬ್ಬಿನಂತೆ ಹೊತ್ತಿರುವುದರಿಂದ, ನೋಡಿದ ಮಕ್ಕಳೆಲ್ಲರೂ ಇದನ್ನು ಗೂಬೆಯೆನ್ನುವರು. ಗೂಬೆಯು ಮನೆಯೊಳಗೆ ಬರುವುದು ನಮ್ಮಲ್ಲಿ ಶುಭವಲ್ಲವೆಂಬುದನ್ನು ತಮಗೆ ಯಾರೂ ತಿಳಿಸಿರಲಾರರು. ಈ ದೇಶದವರು ಅದನ್ನೇ ಜ್ಞಾನಪಕ್ಷಿಯೆಂದು ಮನ್ನಿಸುವುದರಿಂದ ನಾನೂ ಆ ಪಕ್ಷವನ್ನೇ ಹಿಡಿದಿರುವೆನು. ಹಿಂಬದಿಯು ಗಾಜಲ್ಲ, ಪ್ಲಾಸ್ಟಿಕ್ಕು. ಇದನ್ನು ಅಗ್ಗದ ಲಕ್ಷಣವೆಂದು ಜರೆದವರುಂಟು. ನನಗೆ ಅದು ವಿವೇಕವೆಂದೇ ತೋರುವುದು. ಜನವರಿಯ ಮುಂಜಾನೆ ಹ್ಯಾರೋ-ಆನ್-ದ-ಹಿಲ್ ನಿಲ್ದಾಣದ ಕಟ್ಟೆಯ ಮೇಲೆ ಕೈಗವಸನ್ನು ಕಳಚಿ ಗಾಜಿನ ಫೋನನ್ನು ಹಿಡಿದವನಿಗೆ ಬೆರಳುಗಳು ಸೆಡೆಯುವ ಅನುಭವವು ಗೊತ್ತು. ಪ್ಲಾಸ್ಟಿಕ್ಕು ಅಂತಹ ನಿರ್ದಯೆಯನ್ನು ತೋರುವುದಿಲ್ಲ. ತೂಕವು ೧೯೦ ಗ್ರಾಂ; ಪರದೆಯ ಸುತ್ತಣ ಕಪ್ಪಂಚು ನಾಲ್ಕು ಕಡೆಯೂ ಸಮ. ಈ ಬೆಲೆಯ ಫೋನುಗಳಲ್ಲಿ ಕೆಳಗಿನಂಚನ್ನು ಮಾತ್ರ ದಪ್ಪವಾಗಿ ಬಿಟ್ಟು ಗದ್ದವನ್ನು ಬೆಳೆಸುವ ರೂಢಿಯಿರುವಾಗ, ತಾವು ಆ ರೂಢಿಗೆ ಒಳಗಾಗದಿರುವುದು ಶ್ಲಾಘ್ಯ.

ಬೆಳಕಿನ ಪಟ್ಟಿಗಳ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಎರಡಾಗಿದೆ. ಕರೆಯನ್ನು ಬೆನ್ನಿನ ಮಿನುಗಿನಿಂದ ತಿಳಿಯಲೆಂದು ಫೋನನ್ನು ಬೋರಲು ಮಲಗಿಸಬೇಕೆಂಬ ತತ್ತ್ವವು ಉದಾತ್ತವಾದುದೇ, ಆದರೆ ನನ್ನಂತಹ ಸಾಮಾನ್ಯನು ಮೂರು ದಿನಗಳಲ್ಲಿ ಅದನ್ನು ಮತ್ತೆ ಅಂಗಾತ ಮಲಗಿಸುವನು. ಉದ್ದನೆಯ ಪಟ್ಟಿಯೊಂದು ಗಡುವಿಗೆ ತಕ್ಕಂತೆ ಸ್ವಲ್ಪಸ್ವಲ್ಪವೇ ಕುಗ್ಗುತ್ತ ಬರುವ ಏರ್ಪಾಡು ಒಂದಿದೆ. ಅದನ್ನು ಫಿಲ್ಟರಿನಲ್ಲಿ ಕಾಫಿ ಡಿಕಾಕ್ಷನ್ ಇಳಿಯುವ ವೇಳೆಗೆ ಹೊಂದಿಸಿಟ್ಟುಕೊಂಡಿರುವೆನು. ಉಳಿದುದು ಅಲಂಕಾರ.

ಇನ್ನು ಪರದೆ. ೬.೭ ಅಂಗುಲದ ಆಮೊಲೆಡ್ ಜಾತಿಯದು. ಅಡ್ಡಲಾಗಿ ೧೦೮೦, ಉದ್ದಕ್ಕೆ ೨೪೧೨ ಬಿಂದುಗಳು. ಸೆಕೆಂಡಿಗೆ ೩೦ರಿಂದ ೧೨೦ ಸಲ, ಕೆಲಸವನ್ನು ನೋಡಿಕೊಂಡು, ತನ್ನನ್ನು ತಾನೇ ಹೊಸತಾಗಿಸಿಕೊಳ್ಳುವುದು. ತೀವ್ರವಾದಾಗ ೧೩೦೦ ನಿಟ್ ಪ್ರಕಾಶ. ಈ ಜಾತಿಯ ಪರದೆಯಲ್ಲಿ ಹಿಂದಿನಿಂದ ದೀಪ ಹಿಡಿಯುವ ಏರ್ಪಾಡಿಲ್ಲ. ಪ್ರತಿಯೊಂದು ಬಿಂದುವೂ ತನ್ನ ಬೆಳಕನ್ನು ತಾನೇ ಬೀರುವುದರಿಂದ, ಕಪ್ಪು ಎಂಬುದು ಇಲ್ಲಿ ಬಣ್ಣವಲ್ಲ, ಆರಿದ ಬಿಂದು. ಕಪ್ಪುಬಿಳುಪನ್ನೇ ನೆಚ್ಚಿಕೊಂಡ ತಮ್ಮ ತಂತ್ರಾಂಶಕ್ಕೆ ಇದಕ್ಕಿಂತ ಅನುರೂಪವಾದ ನೆಲವು ದೊರೆಯಲಾರದು. ಹೆಸರಿಗೆ ತಕ್ಕಂತೆ ಪರದೆಯ ಬಹುಭಾಗವು ನಿಜವಾಗಿಯೂ ಶೂನ್ಯವಾಗಿರುವುದು, ವಿದ್ಯುತ್ತೂ ಉಳಿಯುವುದು. ಜೂನ್ ತಿಂಗಳಲ್ಲಿ ಸೂರ್ಯನು ಒಂಬತ್ತು ಗಂಟೆಯ ಮೇಲೆಯೂ ಮುಳುಗಲೊಲ್ಲದ ಒಂದು ಸಂಜೆ, ಬಸವಣ್ಣನವರ ಪ್ರತಿಮೆಯ ಬಳಿಯ ನೇರ ಬಿಸಿಲಿನಲ್ಲಿ ನಿಂತು ಊರಿನಿಂದ ಬಂದ ದೀರ್ಘವಾದ ಕನ್ನಡ ಪತ್ರವೊಂದನ್ನು ನಾನು ಕಣ್ಣು ಕಿರಿದುಮಾಡದೆ ಓದಿದೆನು. ಅಕ್ಷರದ ಕೆಳಗೆ ತೂಗುವ ಒತ್ತುಗಳೊಳಗಿನ ಸಣ್ಣ ಕುಣಿಕೆಗಳೂ ಸ್ಪಷ್ಟವಾಗಿದ್ದವು. ಇದೇನು ಮಹಾ ಎಂದು ತಾವು ಕೇಳಬಹುದು. ಅಚ್ಚಿನ ಮೊಳೆಗೆ ಸುಲಭವಾಗಿ ಒಲಿಯದ ಲಿಪಿ ನಮ್ಮದು. ೧೮೪೩ರಲ್ಲಿ ಮಂಗಳೂರಿನಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಜನ್ಮ ತಾಳಿತು. ಕೈಫೋನುಗಳ ಯುಗದಲ್ಲಿಯೂ ಅದೇ ಕಥೆ. ೨೦೧೪ರಲ್ಲಿ ಆಂಡ್ರಾಯ್ಡಿನ ೫.೦ ಆವೃತ್ತಿಯು ಹದಿನೈದು ಹೊಸ ಭಾಷೆಗಳಿಗೆ ಬಾಗಿಲು ತೆರೆದಾಗ ಕನ್ನಡವೂ ಒಳಗೆ ಬಂದಿತು. ಅದಕ್ಕೆ ಮುನ್ನ ನಾನು ಬಳಸಿದ ಯಾವುದೋ ಒಂದು ಫೋನಿನಲ್ಲಿ ‘ಅಪ್ಪ’ನ ಒತ್ತು ಕಳಚಿಕೊಂಡು ಪಕ್ಕದಲ್ಲಿ ಬಿದ್ದಿರುತ್ತಿದ್ದುದನ್ನು ಮರೆತಿಲ್ಲ.

ತಂತ್ರಾಂಶಕ್ಕೆ ಬರುವೆನು, ನನ್ನ ಬಿನ್ನಹದ ಬೇರು ಇರುವುದು ಅಲ್ಲಿಯೇ. ಆಂಡ್ರಾಯ್ಡ್ ೧೪ರ ಮೇಲೆ ಕಟ್ಟಿದ ನಥಿಂಗ್ ಓಎಸ್ ೨.೫ರೊಡನೆ ಬಂದ ಈ ಫೋನಿಗೆ ಮೂರು ವರ್ಷಗಳ ಹೊಸ ಆವೃತ್ತಿಗಳನ್ನೂ ನಾಲ್ಕು ವರ್ಷಗಳ ಸುರಕ್ಷಾ ಪರಿಷ್ಕರಣಗಳನ್ನೂ ತಾವು ವಾಗ್ದಾನಮಾಡಿದಿರಿ. ಸಾಲದು ಎನ್ನಲೇಬೇಕು. ಅದೇ ವರ್ಷದ ಮೇ ತಿಂಗಳಲ್ಲಿ ಬಂದ ಪಿಕ್ಸೆಲ್ ೮ಎ ಎಂಬ ಫೋನಿನ ಬೆಲೆ ಆಗ ೪೯೯ ಪೌಂಡಾಗಿದ್ದಿತೆಂಬುದು ದಿಟ, ಆದರೆ ಅದರ ವಾಗ್ದಾನವು ಏಳು ವರ್ಷಗಳದು. ವರ್ಷಕ್ಕೆಷ್ಟು ಬಿದ್ದಿತೆಂದು ಭಾಗಾಕಾರ ಮಾಡುವ ಜಿಪುಣನಿಗೆ ಅಗ್ಗವಾದುದು ಯಾವುದೆಂಬುದು ತಲೆಕೆಳಗಾಗುವುದು. ಯಂತ್ರವು ಎಷ್ಟು ಕಾಲ ರಕ್ಷಣೆ ಪಡೆಯುವುದೆಂದು ಕೊಳ್ಳುವವನಿಗೆ ಮೊದಲೇ ತಿಳಿಸಬೇಕೆಂಬ ಶಾಸನವು ಈ ದೇಶದಲ್ಲಿ ೨೦೨೪ರ ಏಪ್ರಿಲ್ ೨೯ರಿಂದ ಜಾರಿಯಲ್ಲಿರುವುದರಿಂದ ಇಂತಹ ಲೆಕ್ಕಾಚಾರವು ಇನ್ನು ಜಿಪುಣರ ಸೊತ್ತಾಗಿ ಉಳಿಯದು. ಮರುವರ್ಷದ ೩ಎ ಫೋನಿನಲ್ಲಿ ತಾವು ಸುರಕ್ಷೆಯ ಅವಧಿಯನ್ನು ಆರು ವರ್ಷಗಳಿಗೆ ಏರಿಸಿದುದನ್ನು ಕಂಡು, ಈ ವಿಷಯವನ್ನು ಇಲ್ಲಿಗೇ ಬಿಡುವೆನು.

ತಮ್ಮ ತಂತ್ರಾಂಶದ ನಿಜವಾದ ಮುಖವೆಂದರೆ ಚುಕ್ಕಿಗಳಿಂದ ಮಾಡಿದ ಆ ಅಕ್ಷರಗಳು. ಗಡಿಯಾರ, ಹವೆಯ ಸಮಾಚಾರ, ಶಿರೋನಾಮಗಳು, ಎಲ್ಲವೂ ಚುಕ್ಕಿಯ ಸಾಲುಗಳಲ್ಲಿ ಮೂಡುವುವು. ನೂರು ಫೋನುಗಳ ನಡುವೆ ತಮ್ಮದನ್ನು ಗುರುತಿಸುವುದು ಅವುಗಳಿಂದಲೇ. ತಮ್ಮ ಮೊದಲ ಫೋನಿನ ಬೆನ್ನಿಗೆ ನ್ಯೂಯಾರ್ಕಿನ ಸಬ್‌ವೇಗಾಗಿ ಮಾಸಿಮೊ ವಿನ್ಯೆಲ್ಲಿ ರಚಿಸಿದ ನಕ್ಷೆಯು ಸ್ಫೂರ್ತಿಯಾಯಿತೆಂದು ತಾವು ಹೇಳಿದುದುಂಟು. ಹ್ಯಾರಿ ಬೆಕ್ ಬರೆದು ೧೯೩೩ರಲ್ಲಿ ಪ್ರಕಟವಾದ ನಕ್ಷೆಯನ್ನು ದಿನವೂ ನೋಡುವ ಲಂಡನ್ನಿಗನಿಗೆ ಇದರಿಂದ ಕೊಂಚ ಅಸೂಯೆಯಾಗುವುದು ಸಹಜ. ಆದರೆ ಚುಕ್ಕಿ ಅಕ್ಷರಗಳ ವಿಷಯದಲ್ಲಿ ತಾವು ಪೂರ್ಣವಾಗಿ ಲಂಡನ್ನಿನವರೇ. ಇಲ್ಲಿನ ಸುರಂಗ ರೈಲಿನ ಕಟ್ಟೆಗಳ ಮೇಲೆ, ಮುಂದಿನ ಗಾಡಿ ಎತ್ತಣದು, ಎಷ್ಟು ನಿಮಿಷಕ್ಕೆ ಎಂಬುದನ್ನು ಹೇಳುವ ಹಳದಿ ಚುಕ್ಕಿಗಳ ಫಲಕವನ್ನು ದಿಟ್ಟಿಸುತ್ತಲೇ ನಮ್ಮ ಆಯುಸ್ಸಿನ ಒಂದು ಭಾಗವು ಕಳೆದಿದೆ.

ಕಳೆದ ಚಳಿಗಾಲದಲ್ಲಿ ಊರಿಗೆ ಹೋಗಿದ್ದೆನು. ನನ್ನ ಮಾತನ್ನು ಕೇಳಿ ಅಕ್ಕನ ಮಗನು ಶಿವಮೊಗ್ಗದಲ್ಲಿ ಇದೇ ಫೋನನ್ನು ಅಜ್ಜಿಗೆಂದು ಕೊಂಡಿದ್ದನು. ಹೊರಬಂದಾಗ ಭಾರತದಲ್ಲಿ ಅದರ ಬೆಲೆ ೨೩,೯೯೯ ರೂಪಾಯಿ. ಆಕೆಗೆ ಇಂಗ್ಲಿಷು ಬಾರದುದರಿಂದ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿಟ್ಟಿದ್ದನು. ಒಂದು ಮಧ್ಯಾಹ್ನ ಜಗಲಿಯ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆನು. ಬೆನ್ನುಗಳು ಒಂದೇ, ಗೂಬೆಗಳೆರಡೂ ಅವಳಿಜವಳಿ. ಮಗುಚಿ ಇಟ್ಟಾಗ ಮಾತ್ರ, ನನ್ನದು ತಮ್ಮ ಸಂಸ್ಥೆಯ ಫೋನಾಗಿದ್ದಿತು, ತಾಯಿಯದು ಯಾವ ಸಂಸ್ಥೆಯದೂ ಆಗಿರಬಹುದಾಗಿದ್ದಿತು. ಚುಕ್ಕಿಗಳಿದ್ದ ಸ್ಥಾನದಲ್ಲಿ ಆಂಡ್ರಾಯ್ಡಿನ ಸಾಧಾರಣವಾದ ಕನ್ನಡ ಅಕ್ಷರಗಳು, ಶುದ್ಧವಾಗಿ, ಓದಲು ಸುಲಭವಾಗಿ, ಆದರೆ ಮದುವೆಯ ಮನೆಗೆ ಕಚೇರಿಯ ಉಡುಪಿನಲ್ಲಿ ಬಂದವರಂತೆ ನಿಂತಿದ್ದುವು. ಇದು ದೂರಲ್ಲ, ಆಕೆಗೆ ಫೋನಿನಿಂದ ಯಾವ ತೊಂದರೆಯೂ ಆಗಿಲ್ಲ, ಬಣ್ಣ ಕಳೆದ ಚಿಹ್ನೆಗಳನ್ನು ಮತ್ತೆ ಬಣ್ಣಕ್ಕೆ ಮರಳಿಸಿಕೊಟ್ಟ ಮೇಲೆ ವಾಟ್ಸಾಪಿನ ಹಸುರನ್ನು ಹಿಡಿದು ಸಲೀಸಾಗಿ ಕರೆಮಾಡುವಳು. ನಾನು ಹೇಳುವುದಿಷ್ಟೇ: ಒಂದು ವಿನ್ಯಾಸದ ವ್ಯಕ್ತಿತ್ವವು ಒಂದು ಲಿಪಿಯಲ್ಲಿ ಮಾತ್ರ ಬದುಕುವುದಾದರೆ, ಆ ವಿನ್ಯಾಸವು ಇನ್ನೂ ಅರ್ಧವೇ ಆಗಿದೆ.

ಚುಕ್ಕಿಯಲ್ಲಿ ಕನ್ನಡವನ್ನು ಬರೆಯುವುದು ಅಸಾಧ್ಯವೆಂದು ತಮ್ಮ ಕುಶಲಿಗಳು ಹೇಳಲಾರರು. ಬೆಂಗಳೂರಿನ ಬಸ್ಸುಗಳ ಹಣೆಯ ಮೇಲೂ ರೈಲು ನಿಲ್ದಾಣಗಳಲ್ಲಿಯೂ ಊರುಗಳ ಹೆಸರು ಬೆಳಕಿನ ಚುಕ್ಕಿಗಳಲ್ಲಿ ಕನ್ನಡವಾಗಿಯೇ ಹರಿಯುತ್ತಿರುವುದು. ಅದು ಸುಂದರವೆಂದು ನಾನು ವಾದಿಸಲಾರೆನು; ಗುಂಡಗಿನ ಲಿಪಿಯನ್ನು ಚೌಕದ ಮನೆಗಳಲ್ಲಿ ಕೂರಿಸಿದಾಗ ಪ್ರತಿಯೊಂದು ತಿರುವೂ ಮೆಟ್ಟಿಲಾಗುವುದು. ರೋಮನ್ ಲಿಪಿಯ ದೊಡ್ಡಕ್ಷರಕ್ಕೆ ಅಡ್ಡಲಾಗಿ ಐದು, ನೀಳವಾಗಿ ಏಳು ಚುಕ್ಕಿಗಳಿದ್ದರೆ ಸಾಕು. ‘ರಾಷ್ಟ್ರ’ ಎಂದು ಬರೆಯಹೊರಟವನಿಗೆ ಕೆಳಗಿನ ಎರಡು ಒತ್ತುಗಳಿಗಾಗಿ ಇನ್ನೊಂದು ಅಂತಸ್ತೇ ಬೇಕು. ಈ ತೊಡಕನ್ನು ಬಗೆಹರಿಸುವ ವಿದ್ಯೆಯನ್ನು ನಮ್ಮ ಹೆಂಗಸರು ಬೆಳಗಿನ ಜಾವದಲ್ಲಿ ಹೊಸ್ತಿಲ ಮುಂದೆ ಬಹುಕಾಲದಿಂದ ನಡೆಸಿಕೊಂಡು ಬಂದಿರುವರು. ಚುಕ್ಕಿ ರಂಗೋಲಿಯಲ್ಲಿ ಎರಡು ಬಗೆ: ಸಾಲಿನ ಕೆಳಗೆ ನೇರವಾಗಿ ಸಾಲನ್ನಿಡುವುದು ಒಂದು, ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಕೆಳಗಿನ ಚುಕ್ಕಿಯನ್ನಿಡುತ್ತ, ೧೫ರಿಂದ ೮ರವರೆಗೆ ಸಂದುಚುಕ್ಕಿ ಎಂದು ಲೆಕ್ಕ ಹೇಳಿಕೊಳ್ಳುತ್ತ, ಜೇನುಗೂಡಿನಂತೆ ಕಟ್ಟುತ್ತ ಹೋಗುವುದು ಇನ್ನೊಂದು. ತಮ್ಮ ಅಕ್ಷರಗಳು ಮೊದಲನೆಯ ಬಗೆಯವು. ಬಳ್ಳಿಯಂತೆ ಬಾಗುವ ಎಳೆಗೆ ಒಗ್ಗುವುದು ಸಂದುಚುಕ್ಕಿಯೇ. ಅಲ್ಲಿ ಓರೆಗೆ ಮೆಟ್ಟಿಲಿಲ್ಲ.

ಕನ್ನಡಕ್ಕೂ ಇಂತಹ ಚುಕ್ಕಿ ಅಕ್ಷರಗಳನ್ನು ರಚಿಸಿರೆಂಬುದೇ ನನ್ನ ಬಿನ್ನಹ. ಇದನ್ನು ನಾಲ್ಕು ಕೋಟಿಗೂ ಮೀರಿದ ಜನರ ಮಾತೃಭಾಷೆಯೆಂಬ ಬಲದಿಂದಲೂ ಭಾರತವು ತಮಗೆ ದೊಡ್ಡ ಮಾರುಕಟ್ಟೆಯೆಂಬ ವ್ಯಾಪಾರದ ಬಲದಿಂದಲೂ ಕೇಳಬಹುದಾಗಿದ್ದಿತು. ಲಂಡನ್ನಿನ ಸಂಪ್ರದಾಯದ ಬಲದಿಂದ ಕೇಳುವುದೇ ನನಗೆ ಹೆಚ್ಚು ಪ್ರಿಯ. ೧೯೧೩ರಲ್ಲಿ ಫ್ರಾಂಕ್ ಪಿಕ್ ಎಂಬ ಸುರಂಗ ರೈಲಿನ ಅಧಿಕಾರಿಯು, ರೈಲು ಓಡಿಸುವವನಿಗೆ ಅಕ್ಷರದ ಗೊಡವೆ ಏಕೆಂದು ಕೇಳದೆ, ಎಡ್ವರ್ಡ್ ಜಾನ್‌ಸ್ಟನ್ನನನ್ನು ಕರೆಸಿ ಈ ನಗರಕ್ಕಾಗಿಯೇ ಅಕ್ಷರಗಳನ್ನು ಬರೆಯಿಸಿದನು. ೧೯೧೬ರಿಂದ ಅವು ಇಲ್ಲಿನ ಗೋಡೆಗಳ ಮೇಲಿವೆ. ಅದೇ ರೈಲುಜಾಲದ ವೈಟ್‌ಚಾಪೆಲ್ ನಿಲ್ದಾಣದಲ್ಲಿ ೨೦೨೨ರ ಮಾರ್ಚಿನಿಂದ ಬಂಗಾಳಿ ಲಿಪಿಯ ಫಲಕಗಳಿವೆ, ಸೌತಾಲಿನಲ್ಲಿ ಗುರುಮುಖಿಯಿದೆ.

ಇಡೀ ವರ್ಣಮಾಲೆಯನ್ನು ಒಮ್ಮೆಗೇ ಬೇಡುವಷ್ಟು ಅವಿವೇಕಿ ನಾನಲ್ಲ. ಗಡಿಯಾರಕ್ಕೆ ಬೇಕಾದ ಹತ್ತು ಅಂಕಿಗಳಿಂದ ಆರಂಭಿಸಿರಿ, ಅದರಲ್ಲಿಯೂ ಸೊನ್ನೆಯಿಂದ. ಸೊನ್ನೆಯೆಂಬುದು ಶೂನ್ಯ ಶಬ್ದದ ತದ್ಭವ. ಅಕ್ಷರದ ಪಕ್ಕದಲ್ಲಿ ಕುಳಿತು ‘ಅಂ’ ಎಂಬ ಮೂಗಿನ ದನಿಯನ್ನು ಹೊರಡಿಸುವ ಅನುಸ್ವಾರವನ್ನೂ ನಾವು ಸೊನ್ನೆಯೆಂದೇ ಕರೆಯುವೆವು, ಅದೇ ದುಂಡಿನಿಂದಲೇ ಬರೆಯುವೆವು. ‘ನಥಿಂಗ್’ ಎಂದು ಕನ್ನಡದಲ್ಲಿ ಬರೆದು ನೋಡಿರಿ. ಥಿಕಾರದ ಪಕ್ಕದಲ್ಲಿ ತಮ್ಮ ಹೆಸರಿನ ಅರ್ಥವೇ ದುಂಡಗೆ ಕುಳಿತಿರುವುದು.

ಈ ಪತ್ರದೊಡನೆ ಎರಡು ಹಾಳೆಗಳನ್ನು ಇಟ್ಟಿರುವೆನು. ಮೊದಲನೆಯದು ಚೌಕಳಿ ಕಾಗದದ ಮೇಲೆ ನಾನು ತುಂಬಿದ ಅಂಕಿಗಳು. ಅದನ್ನು ಗಮನಿಸದಿದ್ದರೂ ನಡೆಯುವುದು. ಎರಡನೆಯದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನನ್ನ ತಾಯಿ ಸಂದುಚುಕ್ಕಿಯಿಟ್ಟು ಬರೆದುಕೊಟ್ಟುದು. ಆರು ಮತ್ತು ಒಂಬತ್ತು ದೂರದಿಂದ ಒಂದೇ ತೆರನಾಗಿ ಕಾಣುತ್ತವೆ, ಅದನ್ನು ಅವರು ತಿದ್ದಿಕೊಳ್ಳಲಿ ಎಂದು ಹೇಳಿ ಕಳುಹಿಸಿದ್ದಾಳೆ.

ಇತಿ ತಮ್ಮ ವಿಶ್ವಾಸಿ,
ಹ್ಯಾರೋದ ಒಬ್ಬ ಕನ್ನಡಿಗ